ಪುರಾವೆ

ಹದಿನಾಲ್ಕು ವರ್ಷ ಮಗಳನ್ನು ಯಾರ ಕಣ್ಣಿಗೂ ಬೀಳದಂತೆ ಬೆಳೆಸಿದ್ದ ಮಾಣಿಕಪ್ಪ ಅಂದು ಅವಳ ಕೈಹಿಡಿದು ಕರೆತಂದು ಸುಬ್ಬರಾಯನ ಮೇಜಿನ ಮುಂದೆ ನಿಲ್ಲಿಸಿದ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಮಾಣಿಕಪ್ಪನ ನೌಕರಿ. ಅಲ್ಲಿಯವರಿಗೆಲ್ಲ ಆದಾಯ ತೆರಿಗೆಯ ರಿಟರ್ನ್ ತುಂಬಿಕೊಡುವವನು ರಾಯಚೂರಿನಿಂದ ಬಂದು ಅಲ್ಲೇ ನೆಲೆಸಿದ ಈ ಸುಬ್ಬರಾಯ.

"ನೋಡ್ರಿ, ಇಕಿ ನನ್ನ ಮಗಳು ಕೃಪಾ. ಹುಟ್ಟಿದಾಗಿಂದ ಕಿವಿ ಕೇಳಸಂಗಿಲ್ಲ, ಮಾತು ಬರಂಗಿಲ್ಲ. ಇನ್ನೇನು ಪುರಾವೆ ಬೇಕ್ರಿ ಅವರಿಗೆ?"

ಸುಬ್ಬರಾಯ ತಬ್ಬಿಬ್ಬಾದ. ಹೋದ ವರ್ಷ ರಿಫಂಡ್ ಹೆಚ್ಚು ಬರಲೆಂದು ನಲವತ್ತು ಜನರ ರಿಟರ್ನಿನಲ್ಲಿ ಅವನು ಒಂದೇ ಸುಳ್ಳು ಬರೆದಿದ್ದ: ಮನೆಯಲ್ಲಿ ಅಂಗವಿಕಲ ಮಗುವಿದೆ. ಯಾರನ್ನೂ ಕೇಳಿರಲಿಲ್ಲ, ಯಾರೂ ಓದಿ ನೋಡಿರಲಿಲ್ಲ. ರಿಫಂಡ್ ಬಂದ ದಿನ ಎಲ್ಲರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ಈಗ ನಲವತ್ತು ಮಂದಿಗೂ ತೆರಿಗೆ ಇಲಾಖೆಯ ನೋಟಿಸು ಬಂದಿದೆ. ಅಂಗವಿಕಲತೆಯ ಸರ್ಟಿಫಿಕೇಟ್ ತೋರಿಸಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು.

"ನಿಮ್ಮದು ಖರೇನೇ ಐತೇನ್ರಿ? ಒಬ್ಬರರ ಉಳದ್ರಲ್ಲಪಾ!" ಸುಬ್ಬರಾಯ ಕೈ ಚಾಚಿದ. "ಕೊಡ್ರಿ ಸರ್ಟಿಫಿಕೇಟ್."

"ಅದು... ಮಾಡ್ಸಿಲ್ರಿ."

ಮಾಡಿಸೋಣವೆಂದು ಹೆಂಡತಿ ರೇಣುಕಾ ಎಷ್ಟು ಸಲ ಅಂಗಲಾಚಿದ್ದಳೋ. ಇವನೇ ಹಟ ಹಿಡಿದಿದ್ದ. ಕಿವುಡಿಯೆಂದು ಸರ್ಕಾರದ ಸಿಕ್ಕಾ ಬಿದ್ದ ಮೇಲೆ ಇವಳನ್ನು ಯಾರು ಮದುವೆಯಾಗುತ್ತಾರೆ? ಮಹಾ ಜಾಣ! ಮಾನ ಉಳಿಸುವ ಭರದಲ್ಲಿ ಮಗಳಿಗೆ ಕಿವಿಯ ಮಷಿನ್ನೂ ಇಲ್ಲ, ಕೈಸನ್ನೆ ಕಲಿಸುವ ಶಾಲೆಯೂ ಇಲ್ಲ.

"ನಾಳೇನ ಮಾಡಿಸಿ ತರ್ತೀನ್ರಿ."

"ನಾಳೆ ಮಾಡಿಸಿದ್ರ ನಾಳಿನ ತಾರೀಖು ಬೀಳತೈತಿ. ಅವರು ಕೇಳಾಕತ್ತಿದ್ದು ಹೋದ ವರ್ಷದ್ದು."

"ಹೋದ ವರ್ಷ ಇಕಿಗೆ ಕಿವಿ ಕೇಳಸ್ತಿತ್ತೇನ್ರಿ?"

ಸುಬ್ಬರಾಯ ಹುಡುಗಿಯನ್ನೊಮ್ಮೆ ನೋಡಿದ. ಅವನಿಗೂ ಕನಿಕರವಾಯಿತು. "ನಾ ನಂಬ್ತೀನ್ರಿ ಅಣ್ಣಾ. ಕಾಗದ ಇಲ್ಲಂದ್ರ ಅವರು ನಂಬಂಗಿಲ್ಲ. ಉಳದ ಮೂವತ್ತೊಂಬತ್ತು ಮಂದಿ ಹಂಗ ನೀವೂ ತಪ್ಪು ಒಪ್ಪಿಕೊಳ್ರಿ. ಅಂಗವಿಕಲ ಮಗು ಇಲ್ಲ ಅಂತ ತಿದ್ದಿ, ಬಡ್ಡಿ ಸಮೇತ ಕಟ್ಟಿಬಿಡೂಣು."

ಮಾಣಿಕಪ್ಪ ಕುರ್ಚಿ ಎಳೆದು ಕೂತ. ಹಣ ಹೋದರೆ ಹೋಗಲಿ, ಓವರ್‌ಟೈಮ್ ಮಾಡಿ ತೀರಿಸಿಯಾನು. ಆದರೆ ಜನ್ಮದಲ್ಲಿ ಮೊದಲ ಸಲ ಮಗಳ ಬಗ್ಗೆ ಬಾಯಿಬಿಟ್ಟು ನಿಜ ಹೇಳಿದ ದಿನವೇ ಅದು ಸುಳ್ಳೆಂದು ಬರೆದುಕೊಡಬೇಕಲ್ಲ. ಬೇರೆ ದಾರಿ ಕಾಣದೆ ತಲೆಯಾಡಿಸಿದ.

ಸುಬ್ಬರಾಯ ಕಂಪ್ಯೂಟರಿನಲ್ಲಿ ಅಂಗವಿಕಲ ಮಗುವಿನ ಸಾಲು ಅಳಿಸಿದ. "ತಿದ್ದಿದ್ದು ಒಪ್ಪಿಗಿ ಅನ್ನಾಕ ನಿಮ್ಮ ಮೊಬೈಲಿಗೆ ಓಟಿಪಿ ಬಂದೈತಿ. ನಂಬರ್ ಹೇಳ್ರಿ."

ಅಪ್ಪನ ಮೊಬೈಲು ಕೃಪಾಳ ಕೈಯಲ್ಲಿತ್ತು. ಮಾಣಿಕಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಸುಬ್ಬರಾಯ ಮೊಬೈಲಿನತ್ತ ಬೆರಳು ತೋರಿಸಿದ್ದನ್ನು ಕಂಡು, ತೆರೆಯ ಮೇಲಿನ ಅಂಕಿಗಳು ಬೇಕೆಂದು ಹುಡುಗಿಗೆ ಅರ್ಥವಾಯಿತು. ಹೊರಗಿನವರೊಬ್ಬರು ತನ್ನನ್ನು ಏನೋ ಕೇಳುತ್ತಿದ್ದಾರೆಂಬ ಹಿಗ್ಗಿನಲ್ಲಿ ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಎರಡೂ ಕೈ ಎತ್ತಿದಳು. ಅವ್ವ ಮನೆಯಲ್ಲೇ ಕಲಿಸಿದ್ದ ಅಂಕಿಗಳು: ಮೊದಲು ನಾಲ್ಕು ಬೆರಳು. ಆಮೇಲೆ ಒಂದು. ಆಮೇಲೆ ಒಂಬತ್ತು. ಒಂದೊಂದನ್ನೇ ಎಣಿಸಿ ಸುಬ್ಬರಾಯ ಒತ್ತುತ್ತ ಹೋದ. ಕೊನೆಯದು ಸೊನ್ನೆ. ಅದನ್ನು ಹೆಬ್ಬೆರಳು, ತೋರುಬೆರಳು ಕೂಡಿಸಿ ದುಂಡಗೆ ಮಾಡಿ ತೋರಿಸಿ, ಸರಿಯಾಗಿ ಹೇಳಿದೆನೇ ಎಂಬಂತೆ ಅವಳು ಅಪ್ಪನ ಮುಖ ನೋಡಿದಳು.