ಕರಿಬಂಡೆಯ ಚೀಟಿ

ಸೈಲಸ್ ಟೊಪ್ಪಿಯೊಳಗಿಂದ ಎತ್ತಿದ ಚೀಟಿಯನ್ನು ಪಾದ್ರಿ ಜೋರಾಗಿ ಓದಿದರು: “ಕರಿಬಂಡೆ.” ಶಾಲೆಯ ಕೋಣೆಯಲ್ಲಿದ್ದ ಮೀನುಗಾರರೆಲ್ಲ ತಿರುಗಿ ನೋಡಿದರು. ನ್ಯೂಫೌಂಡ್‌ಲ್ಯಾಂಡಿನ ಆ ಕೊಲ್ಲಿಯಲ್ಲಿ ಕಾಡ್ ಮೀನಿಗೆ ಬಲೆ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಬೇಸಗೆಯಲ್ಲಿ ಯಾರು ಎಲ್ಲಿ ಬಲೆ ಕಟ್ಟಬೇಕೆಂಬುದನ್ನು ಪ್ರತಿವರ್ಷ ಚೀಟಿಯೇ ತೀರ್ಮಾನಿಸುತ್ತಿತ್ತು.

“ಅಂತೂ ನಿನಗೂ ಒಂದು ಕಾಲ ಬಂತಲ್ಲ, ಮಾರಾಯ!” ಎಂದು ಯಾರೋ ಬೆನ್ನು ತಟ್ಟಿದರು. ಸೈಲಸ್ ನಗಲಿಲ್ಲ. ವರ್ಷ ವರ್ಷವೂ ಕೆಟ್ಟ ಜಾಗವೇ ಬಂದು ರೋಸಿಹೋಗಿ ಅವನು ಬಲೆಯ ಕಡೆ ನೋಡುವುದನ್ನೇ ಬಿಟ್ಟಿದ್ದ. ಅಟ್ಟದಲ್ಲಿ ಇಲಿಗಳು ಅದನ್ನು ಚಿಂದಿ ಮಾಡಿದ್ದವು. ಹೊಸದನ್ನು ಹೆಣೆಯಲು ಇಡೀ ಚಳಿಗಾಲ ಬೇಕು; ಚಳಿಗಾಲ ಆಗಲೇ ಮುಗಿದಿತ್ತು. ಜೂನ್ ಇಪ್ಪತ್ತರೊಳಗೆ ಬಲೆ ನೀರಿಗಿಳಿಯದಿದ್ದರೆ ಜಾಗ ಮೊದಲು ಬಂದವರ ಪಾಲು; ಅವನು ಈ ಬೇಸಗೆಯೂ ಬೇರೆಯವರ ದೋಣಿಯಲ್ಲಿ ಆಳು.

ಅಲ್ಲಿಂದ ನೇರವಾಗಿ ಅಕ್ಕನ ಗಂಡ ಹೀಬರನ ಶೆಡ್ಡಿಗೆ ಹೋದ. ಹೀಬರನಿಗೆ ಈ ಸಲವೂ ಬಂದದ್ದು ಮೀನೇ ಸುಳಿಯದ ಹಾಳುಮೂಲೆ. ಆದರೂ ಅವನು ಮನೆಗೆ ಬಂದವನೇ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಕೂತಿದ್ದ.

“ಭಾವ, ನಿನ್ನ ಬಲೆ ಕೊಡು. ಬಿದ್ದ ಮೀನಲ್ಲಿ ಮೂರರಲ್ಲೊಂದು ಪಾಲು ನಿನಗೆ.”

“ನಾನ್ಯಾಕೆ ಕೊಡಲಿ? ಜೂನ್ ಇಪ್ಪತ್ತರ ತನಕ ಸುಮ್ಮನಿದ್ರೆ ಕರಿಬಂಡೆ ನನಗೇ ಸಿಗಬಹುದು.”

“ಅವತ್ತು ಊರಿನ ದೋಣಿಗಳೆಲ್ಲ ಅಲ್ಲಿಗೇ ನುಗ್ತಾವೆ. ನಿನ್ನ ಅದೃಷ್ಟ ಎಂಥದ್ದು ಅಂತ ನಿನಗೇ ಗೊತ್ತಲ್ಲ!”

“ಸರಿ, ಎರಡು ಪಾಲು ನಿನಗ್ಯಾಕೋ?”

“ಚೀಟಿ ನನ್ನದಲ್ವಾ?”

“ಹಾಗಾದ್ರೆ ಹೋಗಿ ಆ ಚೀಟೀನೇ ನೀರಿಗೆ ಇಳಿಬಿಡು. ಎಷ್ಟು ಮೀನು ಬೀಳುತ್ತೋ ನೋಡೋಣ.”

ಸೈಲಸನ ಮುಖ ಕೆಂಪಾಯಿತು. “ನೀನು ವರ್ಷಗಟ್ಟಲೆ ಹೆಣೆದೂ ಹೆಣೆದೂ ಹಾಳುಮೂಲೇಲಿ ಇಳಿಬಿಟ್ಟೆಯಲ್ಲ, ನಿನಗೆಷ್ಟು ಬಿತ್ತು ಭಾವ? ಅಕ್ಕನ್ನ ಕರೆದು ಕೇಳ್ಲಾ?”

ಹೀಬರನ ಕೈಯಲ್ಲಿದ್ದ ಸೂಜಿ ನಿಂತಿತು.

“ಸಮಪಾಲು,” ಎಂದ ಸೈಲಸ್, ನೆಲ ನೋಡುತ್ತ.

ಹೀಬರ್ ಹಿಡಿದಿದ್ದ ಗಂಟನ್ನು ಬಿಗಿದು ಎದ್ದ. ಬಲೆಯ ಒಂದು ತುದಿಯನ್ನು ಸೈಲಸನ ಕಾಲ ಬಳಿ ಎಸೆದ.

“ಎತ್ತು. ಒಬ್ಬನೇ ಎತ್ತೋ ಸಾಮಾನಲ್ಲ ಇದು.”