ನಲವತ್ತನೆಯ ಲೆವೆಲ್

ನಲವತ್ತನೆಯ ಲೆವೆಲ್ ವಿಷಯವನ್ನು ನಾನು ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಕೊಂಡಿಲ್ಲ. ಹೇಳಿದರೆ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಇವತ್ತು ಮಧ್ಯಾಹ್ನ ನಮ್ಮ ಆಟ ಹೀಗೇ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಒಮ್ಮೆ ಚಿಪ್‌ಗೆ ಇಳಿಸಿದ ಮೇಲೆ ಒಂದು ಚುಕ್ಕೆಯನ್ನೂ ತಿದ್ದಲಾಗದು.

ಅದು ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ. ಪೆಟ್ಟಿಗೆಗಳನ್ನು ತಳ್ಳಿ ಬಾಗಿಲಿಗೆ ದಾರಿ ಮಾಡಿಕೊಳ್ಳಬೇಕು. ಒಟ್ಟು ನಲವತ್ತು ಲೆವೆಲ್. ಅವನ್ನು ರಚಿಸುವ ಕೆಲಸ ನನ್ನದು, ಆಡಿ ನೋಡಿ ಸಹಿ ಹಾಕುವ ಕೆಲಸ ಉಳಿದವರದು. ಎಲ್ಲರೂ ಸಹಿ ಹಾಕಿಯಾಗಿತ್ತು.

“ನಲವತ್ತನೇದನ್ನ ಯಾಕಮ್ಮ ಅಷ್ಟು ಸುಲಭ ಮಾಡಿದೀಯ?” ಎಂದ ಪ್ರಭಂಜನ. “ನನ್ನ ಟೀ ಆರೋದ್ರೊಳಗೆ ಮುಗೀತು.”

“ನಿನ್ನ ಟೀ ಯಾವಾಗ್ಲೂ ಆರೇ ಇರುತ್ತೆ ಬಿಡು,” ಎಂದರು ಅಂಬುಜಾ ಮೇಡಂ. “ನನಗಂತೂ ಆ ಕೊನೇ ಪೆಟ್ಟಿಗೆ ಎರಡು ದಿನ ಕಾಡಿಸ್ತು.”

ನಮ್ಮ ಮುಖ್ಯಸ್ಥರಾದ ರಾಮಪ್ರಿಯ ಸರ್ ಕಂಪ್ಯೂಟರಿನ ಮುಂದೆ ಕೂತು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಕ್ಕರು.

“ನಾನೂ ನಿನ್ನೆ ಆಡ್ದೆ. ಎಲ್ಲದರಲ್ಲೂ ಅದೇ ಬೆಸ್ಟು. ಕಳಿಸಿಬಿಡ್ಲಾ? ನೀನ್ಯಾಕೆ ಹೀಗೆ ಬೆವರ್ತಿದೀಯ? ಏನಾದ್ರೂ ಇದ್ರೆ ಹೇಳು ತಾಯಿ, ನಿನ್ನ ದನಿ ಕೇಳಿ ತಿಂಗಳಾಯ್ತು.”

ನಾನು ನೆಲ ನೋಡುತ್ತಾ ಹೇಳಿದೆ: “ನಲವತ್ತನೇದನ್ನ ನಾನಿನ್ನೂ ಮಾಡೇ ಇಲ್ಲ ಸರ್.”