ಹೆಜ್ಜೆ ಎಣಿಸುವ ವಾಚು

ಪಾರ್ಕಿನ್ಸನ್ಸ್ ಕಾಯಿಲೆಯಿಂದ ವನಜಾಕ್ಷಿಗೆ ನಡೆಯುವುದೇ ಕಷ್ಟವಾದಾಗ, ಗಂಡ ಮಹದೇವಪ್ಪ ಹೆಜ್ಜೆ ಎಣಿಸುವ ವಾಚೊಂದನ್ನು ತಂದು ತಾನೇ ಅವಳ ಕೈಗೆ ಕಟ್ಟಿದ. ವಾರ ಕಳೆಯುವಷ್ಟರಲ್ಲಿ ಅವನ ಮಾತಿನ ಧಾಟಿ ಬದಲಾಯಿತು.

"ನಾನಿದ್ದಾಗ ಗೋಡೆ ಹಿಡ್ಕೊಂಡು ನಿಲ್ತೀಯ. ನಾನಿಲ್ಲದಾಗ ಊರೆಲ್ಲ ಸುತ್ತಿದಷ್ಟು ಹೆಜ್ಜೆ ಬಿದ್ದಿದೆ. ಯಾರ ಮುಂದೆ ಈ ನಾಟಕ?"

"ಕುರ್ಚಿ ಬಿಟ್ಟು ಎದ್ದಿಲ್ಲ ಕಣ್ರೀ, ದೇವರಾಣೆ."

"ಮಿಷನ್ನು ಸುಳ್ಳು ಹೇಳುತ್ತಾ?"

ಸ್ನಾನಕ್ಕೆ, ಊಟಕ್ಕೆ ನೆರವಾಗುತ್ತಿದ್ದ ಹೆಂಗಸನ್ನು ಅವನು ಬಿಡಿಸಿದ. ತಾನೂ ತಿಂಡಿ ತಿಂದು ಕ್ಲಬ್ಬಿಗೆ ಹೋದರೆ ಇಸ್ಪೀಟು ಮುಗಿಸಿ ಸಂಜೆಗೇ ಬರತೊಡಗಿದ. ಮಗಳು ರೂಪಾ ಕೂಡ ಫೋನಿನಲ್ಲಿ, "ಅಮ್ಮಾ, ಸುಮ್ನೆ ಯಾಕೆ ಅಪ್ಪನ್ನ ಗೋಳು ಹುಯ್ಕೋತೀಯ?" ಎಂದಳು.

ಒಂದು ದಿನ ಅವಳು ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಳು. ಆಗ ರೂಪಾ ಬಂದು ಅವಳನ್ನು ನರರೋಗದ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ವಾಚು ನೋಡಿದರು. ಕುಳಿತಲ್ಲೇ ವನಜಾಕ್ಷಿಯ ಕೈ ನಡುಗುತ್ತಿತ್ತು, ವಾಚಿನಲ್ಲಿ ಹೆಜ್ಜೆಗಳು ಏರುತ್ತಿದ್ದವು.

"ಇದು ನಡುಕವನ್ನೇ ನಡಿಗೆ ಅಂತ ಎಣಿಸ್ತಿದೆ," ಎಂದರು.

ರೂಪಾ ತಾಯಿಯನ್ನು ತಬ್ಬಿಕೊಂಡು ಅತ್ತಳು. "ಪಾಪ, ಅಪ್ಪನಿಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾರೋ!"

"ಅವರಿಗೆ ಗೊತ್ತಲ್ಲಮ್ಮ," ಎಂದು ಡಾಕ್ಟರು ಅಚ್ಚರಿಪಟ್ಟರು. "ವಾಚು ಕೊಳ್ಳೋ ಮುಂಚೆ ನನ್ನನ್ನೇ ಬಂದು ಕೇಳಿದ್ರು. ನಡುಗೋ ಕೈಗೆ ಮಾತ್ರ ಕಟ್ಟಬೇಡಿ ಅಂತ ಹೇಳಿ ಕಳಿಸಿದ್ದೆ."